ಎಲೆ ತೋರಿಸಿ ಕಣ್ಣು ಕಟ್ಟಿದವರು

ಕೇವಲ 25 ಡಾಲರ್! ಮೇಜಿನ ಮೇಲೆ 18,000 ಡಾಲರ್ ಪಣ ಹೂಡಿ ಕೂತಿದ್ದ ಜ್ಯಾಕ್ ಸ್ಟ್ರಾಸ್ ತನ್ನ ಕೈಲಿದ್ದ ಎರಡು ಎಲೆಗಳಲ್ಲಿ ಒಂದನ್ನು ನೋಡಲು ಎದುರಾಳಿಗೆ ಕೇಳಿದ ಬೆಲೆ ಅಷ್ಟೇ. ಎದುರಾಳಿ ಕೊಟ್ಟ. ಸ್ಟ್ರಾಸ್ ಎಲೆ ಮಗುಚಿ ತೋರಿಸಿದ. ಅದರಲ್ಲಿ ಕೈಚಳಕವಿಲ್ಲ, ಗುರುತು ಹಾಕಿದ ಎಲೆಯಲ್ಲ, ಅಪ್ಪಟ ನಿಜ. ಆ ನಿಜವನ್ನು ಕಣ್ಣಾರೆ ಕಂಡದ್ದೇ ತಡ, ಗೆಲ್ಲುತ್ತಿದ್ದ ಎದುರಾಳಿ ತನ್ನ ಎಲೆಗಳನ್ನು ತಾನೇ ಎಸೆದು ಸೋತು ಎದ್ದ!

ನಂಬುವುದು ಕಷ್ಟ, ಅದಕ್ಕೇ ನಿಧಾನವಾಗಿ ನೋಡೋಣ. ಆಟ ಪೋಕರ್, ಅದರಲ್ಲೂ ಟೆಕ್ಸಸ್ ಹೋಲ್ಡೆಮ್. ಪ್ರತಿಯೊಬ್ಬನಿಗೂ ಬೋರಲಾಗಿ ಎರಡೆರಡು ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಅಂಗಾತ ಬೀಳುತ್ತವೆ: ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ಪ್ರತಿ ಹಂತದಲ್ಲೂ ಪಣ ಏರಿಸಬಹುದು, ಏರಿಸಿದ್ದಕ್ಕೆ ಸರಿಗಟ್ಟಬಹುದು, ಇಲ್ಲವೇ ಎಲೆ ಎಸೆದು ಕೈ ತೊಳೆದುಕೊಳ್ಳಬಹುದು. ಏಳು ಎಲೆಗಳಲ್ಲಿ ಐದನ್ನು ಚೆನ್ನಾಗಿ ಹೊಂದಿಸಿದವನಿಗೆ ಹಣ. ಆದರೆ ಉಳಿದವರೆಲ್ಲ ಎಸೆದುಬಿಟ್ಟರೆ ಉಳಿದೊಬ್ಬನಿಗೆ ಹಣ, ಅವನ ಕೈಲಿ ಏನೇ ಇರಲಿ. ತೋರಿಸಬೇಕಾದ ಹಂಗೂ ಇಲ್ಲ!

ಸ್ಟ್ರಾಸ್ ಸುಮಾರು ಆರೂವರೆ ಅಡಿಯ ಆಳು. ‘ಟ್ರೀಟಾಪ್’ ಎಂದೇ ಗೆಳೆಯರು ಕರೆಯುತ್ತಿದ್ದರು. ಅವನಿಗೆ ಬಂದದ್ದು ಏಳು ಮತ್ತು ಎರಡು. ಹೋಲ್ಡೆಮ್‌ನಲ್ಲಿ ಇದಕ್ಕಿಂತ ದರಿದ್ರ ಜೋಡಿ ಇನ್ನೊಂದಿಲ್ಲ. ಆದರೂ ಏರಿಸಿದ. ಮೇಜಿನ ಮೇಲೆ ಏಳು, ಮೂರು, ಮೂರು ಬಿದ್ದವು. ಮತ್ತೆ ಹೂಡಿದ. ಎದುರಾಳಿ ಅದರ ಮೇಲೂ ಏರಿಸಿದಾಗ ಸ್ಟ್ರಾಸ್‌ಗೆ ತಿಳಿದುಹೋಯಿತು, ಅವನ ಕೈಲಿ ದೊಡ್ಡ ಜೋಡಿಯೊಂದು ಕೂತಿದೆ. ನ್ಯಾಯವಾಗಿ ಎಸೆಯಬೇಕಿತ್ತು. ಎಸೆಯಲಿಲ್ಲ. ನಾಲ್ಕನೆಯ ಎಲೆಯಾಗಿ ಎರಡು ಬಂತು, ಅದರಿಂದ ಅವನಿಗೆ ಕಿಂಚಿತ್ತೂ ಉಪಯೋಗವಿಲ್ಲ. ಆಗ 18,000 ಡಾಲರ್ ಮುಂದೆ ನೂಕಿದ. ಎದುರಾಳಿ ಯೋಚನೆಗೆ ಬಿದ್ದ. ಸ್ಟ್ರಾಸ್ ಮುಂದಕ್ಕೆ ಬಾಗಿ ಆ ವಿಚಿತ್ರ ವ್ಯಾಪಾರ ಕುದುರಿಸಿದ್ದು ಆಗಲೇ: 25 ಡಾಲರಿನ ಒಂದು ಬಿಲ್ಲೆ ಕೊಡು, ನನ್ನ ಎರಡರಲ್ಲಿ ಯಾವ ಎಲೆ ಬೇಕೋ ಅದನ್ನು ತೋರಿಸುತ್ತೇನೆ, ಆಯ್ಕೆ ನಿನ್ನದು.

ಎದುರಾಳಿ ಬಿಲ್ಲೆ ಎಸೆದು ಒಂದು ಎಲೆಯತ್ತ ಬೆರಳು ತೋರಿದ. ಎರಡು.

ಈಗ ಅವನ ತಲೆಯೊಳಗೆ ಇಳಿದು ನೋಡಿ. ಯಾವುದನ್ನು ಬೇಕಾದರೂ ನೋಡು ಎನ್ನುವವನಿಗೆ ಎರಡೂ ಒಂದೇ ಆಗಿರಬೇಕು, ಇಲ್ಲದಿದ್ದರೆ ಅಷ್ಟು ನಿರಾಳವಾಗಿ ಹೇಳುವನೇ? ಒಂದು ಎಲೆ ಎರಡಾದರೆ ಇನ್ನೊಂದೂ ಎರಡೇ. ಮೇಜಿನ ಮೇಲೆ ಒಂದು ಎರಡು, ಜೊತೆಗೆ ಎರಡು ಮೂರುಗಳು. ಅಂದರೆ ಮೂರು ಎರಡು, ಎರಡು ಮೂರು: ಫುಲ್ ಹೌಸ್! ದೊಡ್ಡ ಜೋಡಿಯ ಕಥೆ ಮುಗಿಯಿತು. ಎಸೆದ.

ಈ ಪ್ರಸಂಗವನ್ನು ಇಂಗ್ಲಿಷ್ ಕವಿ, ವಿಮರ್ಶಕ ಆಲ್ ಆಲ್ವರೆಜ್ 1983ರ ತನ್ನ ‘ದಿ ಬಿಗ್ಗೆಸ್ಟ್ ಗೇಮ್ ಇನ್ ಟೌನ್’ ಪುಸ್ತಕದಲ್ಲಿ ದಾಖಲಿಸಿದ್ದಾನೆ. ನನ್ನ ಉಸಿರು ನಿಂತದ್ದು ಅದರ ಇನ್ನೊಂದು ಮಗ್ಗುಲು ಹೊಳೆದಾಗ. ಎದುರಾಳಿ ಏಳನ್ನು ಆರಿಸಿದ್ದರೆ? ಆಗಲೂ ಅದೇ ತರ್ಕ! ಒಂದು ಏಳಾದರೆ ಇನ್ನೊಂದೂ ಏಳು, ಮೇಜಿನ ಮೇಲಿನ ಏಳು ಸೇರಿ ಮೂರು, ಜೊತೆಗೆ ಎರಡು ಮೂರುಗಳು. ಮತ್ತೆ ಫುಲ್ ಹೌಸ್, ಇನ್ನೂ ದೊಡ್ಡದು. ಯಾವ ಬಾಗಿಲು ತೆರೆದರೂ ಒಳಗೆ ಅದೇ ಹುಲಿಯ ಚಿತ್ರ. ಬಾಯಿ ಬಿಟ್ಟು ಒಂದೂ ಸುಳ್ಳು ಹೇಳದೆ ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ಅಚ್ಚುಕಟ್ಟಾಗಿ ಹೇಳಲು ಸಾಧ್ಯವೇ? ಎದುರಾಳಿ ಎಲೆಯನ್ನು ಓದಲಿಲ್ಲ, ತೋರಿಸಿದವನ ಧೈರ್ಯವನ್ನು ಓದಿದ. ಮುಚ್ಚಿಡುವುದೆಂದರೆ ಕತ್ತಲು, ತೋರಿಸುವುದೆಂದರೆ ಬೆಳಕು ಎಂದು ನಾವು ಚಿಕ್ಕಂದಿನಿಂದ ಕಲಿತಿರುವ ಲೆಕ್ಕ ಈ ಮೇಜಿನ ಮೇಲೆ ತಲೆಕೆಳಗಾಗುತ್ತದೆ.

ಧರ್ಮರಾಯ ರಾಜ್ಯ ಸೋತ ಆಟದಲ್ಲಿ ಮುಚ್ಚಿಡಲು ಏನೂ ಇರಲಿಲ್ಲ. ದಾಳ ಉರುಳಿ ಸಭೆಯ ಕಣ್ಣೆದುರೇ ಬೀಳುತ್ತಿತ್ತು. ಚದುರಂಗದಲ್ಲೂ ಅಷ್ಟೆ, ಕಾಯಿಗಳೆಲ್ಲ ಬಯಲಲ್ಲೇ. ಹಂಗೇರಿಯಲ್ಲಿ ಹುಟ್ಟಿದ ಮಹಾಗಣಿತಜ್ಞ ಜಾನ್ ಫಾನ್ ನಾಯ್ಮನ್‌ಗೆ ಇದೇ ಕಾರಣಕ್ಕೆ ಚದುರಂಗ ಆಟವೆಂದೇ ಅನಿಸುತ್ತಿರಲಿಲ್ಲ. ಒಮ್ಮೆ ಲಂಡನ್ನಿನ ಟ್ಯಾಕ್ಸಿಯೊಂದರಲ್ಲಿ ವಿಜ್ಞಾನ ಲೇಖಕ ಜೇಕಬ್ ಬ್ರೊನೋವ್ಸ್ಕಿಯ ಜೊತೆ ಹೋಗುವಾಗ ಆತ ಹೇಳಿದ್ದು ಅದನ್ನೇ: ಚದುರಂಗ ಬರೀ ಲೆಕ್ಕಾಚಾರ, ನಿಜ ಜೀವನ ಬೇರೆ, ಅಲ್ಲಿ ಹುಸಿಧೈರ್ಯವುಂಟು, ನಾನು ಏನು ಮಾಡುತ್ತೇನೆಂದು ಎದುರಿನವನು ಅಂದುಕೊಂಡಿದ್ದಾನೆ ಎಂಬ ಅಂದಾಜು ಉಂಟು. 1928ರಲ್ಲಿ ಮನೆಯೊಳಗಿನ ಆಟಗಳ ಗಣಿತದ ಬಗ್ಗೆ ಪ್ರಬಂಧ ಬರೆದ ಆತ, 1944ರಲ್ಲಿ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ ಸೇರಿ ತಂದ ಗೇಮ್ ಥಿಯರಿಯ ಮೂಲಗ್ರಂಥದಲ್ಲಿ ಪೋಕರ್‌ಗೆಂದೇ ಒಂದು ದೊಡ್ಡ ಭಾಗ ಮೀಸಲಿಟ್ಟ.

ಅಲ್ಲಿ ಸಿಕ್ಕಿದ ಫಲಿತಾಂಶ ಇವತ್ತಿಗೂ ಬೆಚ್ಚಿಬೀಳಿಸುತ್ತದೆ. ಆ ಹುಸಿಧೈರ್ಯವೇ ಪೋಕರ್ ಭಾಷೆಯಲ್ಲಿ ಬ್ಲಫ್. ಬ್ಲಫ್ ಮಾಡುವುದಾದರೆ ಯಾವ ಎಲೆ ಇಟ್ಟುಕೊಂಡು ಮಾಡಬೇಕು? ಸುಮಾರಾದ, ಒಂದಿಷ್ಟು ಆಸೆ ಇರುವ ಎಲೆ ಎಂದು ನಮ್ಮ ಮನಸ್ಸು ಹೇಳುತ್ತದೆ. ಗಣಿತ ಹೇಳುವುದು ಅತಿ ಕೆಟ್ಟ ಎಲೆ! ಅಲ್ಲಿ ಇರುವಷ್ಟು ಹಣವನ್ನೇ ಮತ್ತೆ ಹೂಡುವುದು ಅಥವಾ ಸುಮ್ಮನಿರುವುದು, ಇವೆರಡೇ ದಾರಿ ಇರುವ ಅವನ ಸರಳ ಮಾದರಿಯಲ್ಲಿ, ಎಲೆಗಳನ್ನು ಕೆಟ್ಟದ್ದರಿಂದ ಒಳ್ಳೆಯದಕ್ಕೆ ಒಂಬತ್ತು ಪಾಲು ಮಾಡಿದರೆ, ಮೇಲಿನ ಎರಡು ಪಾಲಿನಲ್ಲಿ ಹೂಡಬೇಕು, ತಳದ ಒಂದು ಪಾಲಿನಲ್ಲಿ ಹೂಡಬೇಕು, ನಡುವಿನ ಆರು ಪಾಲಿನಲ್ಲಿ ತೆಪ್ಪಗಿರಬೇಕು. ರಾಜನೂ ಭಿಕಾರಿಯೂ ಅಬ್ಬರಿಸಬೇಕು, ಮಧ್ಯಮವರ್ಗ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು! ಕಾರಣ ಹೊಳೆದಾಗ ಸರಳ: ಸುಮಾರು ಎಲೆ ಸುಮ್ಮನಿದ್ದರೂ ಕೆಲವೊಮ್ಮೆ ಗೆಲ್ಲುತ್ತದೆ, ಅದನ್ನು ಪಣಕ್ಕಿಟ್ಟು ಹಾಳುಮಾಡಬೇಕಿಲ್ಲ. ತೀರಾ ಕೆಟ್ಟ ಎಲೆಗೆ ಗೆಲ್ಲಲು ಬೇರೆ ದಾರಿಯೇ ಇಲ್ಲ.

ಮನೆಯಲ್ಲೇ ಆಡಿ ನೋಡಬಹುದಾದ ಪುಟಾಣಿ ಪೋಕರ್ ಒಂದಿದೆ. ಗಣಿತಜ್ಞ ಹೆರಾಲ್ಡ್ ಕೂನ್ 1950ರಲ್ಲಿ ಪ್ರಕಟಿಸಿದ್ದು. ಕಟ್ಟಿನಿಂದ ಮೂರೇ ಎಲೆ ತೆಗೆದುಕೊಳ್ಳಿ: ರಾಜ, ರಾಣಿ, ಗುಲಾಮ. ಇಬ್ಬರು ಆಟಗಾರರು, ತಲಾ ಒಂದು ರೂಪಾಯಿ ನಡುವೆ ಇಟ್ಟು ಒಂದೊಂದು ಎಲೆ ತೆಗೆದುಕೊಳ್ಳುತ್ತಾರೆ, ಮೂರನೆಯದು ಬೋರಲು. ಮೊದಲನೆಯವನು ಇನ್ನೊಂದು ರೂಪಾಯಿ ಹೂಡಬಹುದು ಅಥವಾ ಸುಮ್ಮನಿರಬಹುದು. ಅವನು ಸುಮ್ಮನಿದ್ದರೆ ಎರಡನೆಯವನಿಗೆ ಹೂಡುವ ಅವಕಾಶ. ಹೂಡಿದ್ದಕ್ಕೆ ಎದುರಿನವನು ಸರಿಗಟ್ಟಬೇಕು, ಇಲ್ಲವೇ ಎಲೆ ಎಸೆಯಬೇಕು. ಇಷ್ಟೇ ಆಟ. ಎರಡನೆಯವನ ಕೈಲಿ ಗುಲಾಮನಿದ್ದು ಮೊದಲನೆಯವನು ಸುಮ್ಮನಿದ್ದಾನೆ ಅಂದುಕೊಳ್ಳಿ. ಗುಲಾಮ ಯಾರನ್ನೂ ಸೋಲಿಸಲಾರ. ಎಷ್ಟು ಸಲ ಬ್ಲಫ್ ಮಾಡಬೇಕು? ಕೂನ್ ಕೊಟ್ಟ ಉತ್ತರ: ಕರಾರುವಾಕ್ಕಾಗಿ ಮೂರರಲ್ಲಿ ಒಂದು ಸಲ. ರಾಜನಿದ್ದಾಗ ಯಾವಾಗಲೂ ಹೂಡುತ್ತಾನೆ, ಗುಲಾಮನಿದ್ದಾಗ ಮೂರಕ್ಕೊಮ್ಮೆ. ಹಾಗಾಗಿ ಎದುರಿಗೆ ರಾಣಿ ಹಿಡಿದು ಕೂತವನಿಗೆ ಕಾಣುವ ಪ್ರತಿ ನಾಲ್ಕು ಹೂಡಿಕೆಯಲ್ಲಿ ಮೂರು ನಿಜ, ಒಂದು ಸುಳ್ಳು. ನಾಲ್ಕಕ್ಕೂ ಸರಿಗಟ್ಟಿದರೆ ಮೂರು ಸಲ ಒಂದೊಂದು ರೂಪಾಯಿ ಹೋಗುತ್ತದೆ, ಒಂದು ಸಲ ಮೂರು ರೂಪಾಯಿ ಬರುತ್ತದೆ. ಸೊನ್ನೆ! ಎಸೆದರೂ ಸೊನ್ನೆ! ಅವನು ಏನು ಮಾಡಿದರೂ ಲಾಭವಿಲ್ಲದ ಒಂದು ಬಿಂದುವಿನ ಮೇಲೆ ಅವನನ್ನು ಮೊಳೆ ಹೊಡೆದು ನಿಲ್ಲಿಸಲಾಗಿದೆ.

ಇನ್ನೂ ಸೋಜಿಗ ಮೊದಲ ಆಟಗಾರನದು. ಅವನು ಗುಲಾಮನನ್ನು ಹಿಡಿದು ಎಷ್ಟು ಸಲ ಬ್ಲಫ್ ಮಾಡುತ್ತಾನೋ, ರಾಜನನ್ನು ಹಿಡಿದು ಅದರ ಮೂರರಷ್ಟು ಸಲ ಹೂಡಬೇಕು. ಬ್ಲಫ್ ಮಾಡುವುದೇ ಇಲ್ಲ ಎಂದು ಪಣ ತೊಟ್ಟ ಸತ್ಯವಂತನ ಗತಿ? ಸೊನ್ನೆಯ ಮೂರರಷ್ಟು ಸೊನ್ನೆಯೇ. ಅವನು ರಾಜ ಬಂದಾಗಲೂ ಮೊದಲು ಹೂಡುವಂತಿಲ್ಲ, ಬಾಯಿ ಹೊಲಿದುಕೊಂಡು ಎದುರಾಳಿಯ ನಡೆಗೆ ಕಾಯಬೇಕು! ಅವನ ಸುಳ್ಳೇ ಅವನ ನಿಜಕ್ಕೆ ಬೆಲೆ ತಂದುಕೊಡುವ ಬಂಡವಾಳ. ಇಬ್ಬರೂ ಒಂದು ತಪ್ಪೂ ಮಾಡದೆ ಆಡಿದರೆ ಮೊದಲನೆಯವನು ಆಟವೊಂದಕ್ಕೆ ಸರಾಸರಿ ರೂಪಾಯಿಯ ಹದಿನೆಂಟನೇ ಒಂದು ಭಾಗ ಕಳೆದುಕೊಳ್ಳುತ್ತಾನೆ. ಎಲೆ ಇಬ್ಬರಿಗೂ ಒಂದೇ ಬಗೆಯಲ್ಲಿ ಬೀಳುತ್ತದೆ. ನಷ್ಟ ಮೊದಲು ಬಾಯಿ ತೆರೆಯಬೇಕಾಗಿ ಬಂದದ್ದಕ್ಕೆ.

ಆದರೆ ಮನುಷ್ಯರು ಗಣಿತದ ಚಿಹ್ನೆಗಳಲ್ಲವಲ್ಲ. ಲಾಸ್ ವೇಗಸ್, 2003. ಪೋಕರ್ ವಿಶ್ವ ಸರಣಿಯ ಮುಖ್ಯ ಪಂದ್ಯದ 839 ಆಟಗಾರರಲ್ಲಿ ಇಬ್ಬರು ಉಳಿದಿದ್ದಾರೆ. ಒಬ್ಬ ಸ್ಯಾಮ್ ಫರ್ಹಾ, ಲೆಬನಾನ್ ಮೂಲದ ಪಳಗಿದ ಜೂಜುಗಾರ, ಬಾಯಲ್ಲಿ ಹೊತ್ತಿಸದ ಸಿಗರೇಟು. ಇನ್ನೊಬ್ಬ ಟೆನಸಿಯ ಅಕೌಂಟೆಂಟ್, ವಯಸ್ಸು 27, ನೂರು ಡಾಲರಿಗೂ ಕಡಿಮೆ ಖರ್ಚಿನ ಆನ್‌ಲೈನ್ ಅರ್ಹತಾ ಪಂದ್ಯದಿಂದ ಗೆದ್ದು ಬಂದವನು. ಹೆಸರು ಕ್ರಿಸ್ ಮನಿಮೇಕರ್. ಹುಟ್ಟಿನಿಂದ ಬಂದ ಹೆಸರೇ ಸ್ವಾಮಿ, ಯಾರೂ ಕಟ್ಟಿದ್ದಲ್ಲ!

ಮನಿಮೇಕರ್ ಕೈಲಿ ಇಸ್ಪೀಟು ರಾಜ ಮತ್ತು ಒಂದು ಏಳು. ಫರ್ಹಾ ಕೈಲಿ ರಾಣಿ ಮತ್ತು ಒಂಬತ್ತು. ಮೇಜಿನ ಮೇಲೆ ಒಂಬತ್ತು, ಎರಡು, ಆರು, ಎಂಟು, ಕೊನೆಗೆ ಮೂರು. ಫರ್ಹಾಗೆ ಒಂಬತ್ತರ ಜೋಡಿ ಸಿಕ್ಕಿದೆ. ಮನಿಮೇಕರ್ ಇಸ್ಪೀಟುಗಳ ಸಾಲಿಗೂ ಕಾದ, ಅನುಕ್ರಮದ ಸಾಲಿಗೂ ಕಾದ, ಎರಡೂ ಕೈಕೊಟ್ಟವು. ಕೈಲಿ ಜೋಡಿಯೂ ಇಲ್ಲ. ಆತ ತನ್ನಲ್ಲಿದ್ದ ಬಿಲ್ಲೆಗಳನ್ನೆಲ್ಲ ಮುಂದಿಟ್ಟ. ಬಾಯಿ ಮುಚ್ಚಿ, ಕಲ್ಲಿನಂತೆ ಕೂತ. ಫರ್ಹಾ ಅವನನ್ನು ದಿಟ್ಟಿಸುತ್ತ ಅಂದದ್ದೇನು ಗೊತ್ತೇ? ಇಸ್ಪೀಟಿನ ಸಾಲು ತಪ್ಪಿಹೋಗಿರಬೇಕಲ್ಲವೇ ನಿನಗೆ, ಅಂತ! ಅಕ್ಷರಶಃ ಸರಿ! ಗುಟ್ಟು ಅವನ ನಾಲಿಗೆಯ ಮೇಲೇ ಇದೆ. ಆದರೂ ತನ್ನ ಮಾತನ್ನು ತಾನೇ ನಂಬಲಾಗದೆ ಎಲೆ ಎಸೆದ. ಮನಿಮೇಕರ್ ಮುಂದೆ 25 ಲಕ್ಷ ಡಾಲರ್ ಗೆದ್ದ. ಮರುವರ್ಷ ಪಂದ್ಯಕ್ಕೆ 2,576 ಮಂದಿ ಬಂದರು, 2006ರಲ್ಲಿ 8,773.

ಈ ಕ್ಷಣವನ್ನು ಮನೆಯಲ್ಲಿ ಕೂತು ನೋಡಿದವರಿಗೆ ಮೈ ಜುಮ್ಮೆಂದದ್ದು ಏಕೆಂದರೆ ಫರ್ಹಾಗೆ ಕಾಣದ ಎರಡು ಎಲೆ ಅವರಿಗೆ ಕಾಣುತ್ತಿತ್ತು. ಮೊದಲು ಟಿವಿಯಲ್ಲಿ ಪೋಕರ್ ನೋಡುವುದು ಗೋಡೆ ನೋಡಿದಂತೆಯೇ ಇತ್ತು. ಮೇಜಿನ ಅಂಚಿನಲ್ಲಿ ಕ್ಯಾಮೆರಾ ಅಡಗಿಸಿ ಬೋರಲೆಲೆಗಳನ್ನು ವೀಕ್ಷಕರಿಗೆ ಮಾತ್ರ ತೋರಿಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವನ ಕಥೆ ಆಟಕ್ಕಿಂತ ದೊಡ್ಡದು. ಹೆನ್ರಿ ಒರೆನ್‌ಸ್ಟೀನ್, 1923ರಲ್ಲಿ ಪೋಲೆಂಡಿನ ಹ್ರುಬಿಯೆಶೂಫ್‌ನಲ್ಲಿ ಹುಟ್ಟಿದ ಯೆಹೂದಿ. ತಂದೆತಾಯಿಯನ್ನು ನಾಜಿಗಳು ಕೊಂದರು. ಆತ ಐದು ಯಾತನಾ ಶಿಬಿರಗಳನ್ನು ದಾಟಿ ಬದುಕಿದ. ಹೇಗೆ? ಶಿಬಿರದಲ್ಲಿ ಒಂದು ದಿನ ಧ್ವನಿವರ್ಧಕ ಕೂಗಿತು: ಯೆಹೂದಿಗಳಲ್ಲಿ ವಿಜ್ಞಾನಿಗಳು, ಎಂಜಿನಿಯರುಗಳು, ಗಣಿತಜ್ಞರು ಇದ್ದರೆ ಹೆಸರು ಕೊಡಿ. ಒರೆನ್‌ಸ್ಟೀನ್‌ಗೆ ವಿಜ್ಞಾನದ ಗಂಧವಿರಲಿಲ್ಲ. ತನ್ನ ಹೆಸರನ್ನೂ ಅಣ್ಣತಮ್ಮಂದಿರ ಹೆಸರನ್ನೂ ಬರೆಸಿಬಿಟ್ಟ! ಒಳಗೆ ಹೋದಮೇಲೆ ತಿಳಿದದ್ದು ಇನ್ನೂ ಭಯಂಕರ ಬೆರಗು. ಆ ವೈಜ್ಞಾನಿಕ ಘಟಕವೇ ಬೊಗಳೆ. ಯುದ್ಧಭೂಮಿಗೆ ಹೋಗುವುದನ್ನು ತಪ್ಪಿಸಿಕೊಳ್ಳಲು ಜರ್ಮನ್ ಪ್ರೊಫೆಸರುಗಳು ಅದನ್ನು ನಡೆಸುತ್ತಿದ್ದರು. ಕೈದಿಗಳೂ ನಟಿಸುತ್ತಿದ್ದರು, ಪ್ರೊಫೆಸರುಗಳೂ ನಟಿಸುತ್ತಿದ್ದರು, ಮೇಜಿನ ಎರಡೂ ಬದಿ ಬ್ಲಫ್, ಪಣಕ್ಕಿದ್ದದ್ದು ಜೀವ!

ಅಮೆರಿಕಕ್ಕೆ ಬಂದು ಆತ ಆಟಿಕೆ ತಯಾರಕನಾದ. ಜಪಾನಿನ ಟಕಾರಾ ಕಂಪನಿಯ ರೂಪ ಬದಲಿಸುವ ಗೊಂಬೆಗಳನ್ನು ಹ್ಯಾಸ್ಬ್ರೋ ಕಂಪನಿಗೆ ಜೋಡಿಸಿದವನೂ ಆತನೇ. ನಮ್ಮ ಮಕ್ಕಳು ಟ್ರಾನ್ಸ್‌ಫಾರ್ಮರ್ಸ್ ಎನ್ನುವುದು ಅವನ್ನೇ. ಕಾರಿನೊಳಗೆ ಅಡಗಿದ ರೋಬೋ! ಬಚ್ಚಿಟ್ಟುಕೊಂಡು ಬದುಕಿ ಉಳಿದವನೊಬ್ಬ ಬಚ್ಚಿಟ್ಟ ಎಲೆಗಳನ್ನು ಜಗತ್ತಿಗೆ ತೋರಿಸುವ ಕಿಟಕಿ ಕಂಡುಹಿಡಿದ. ಬ್ರಿಟನ್ನಿನ ಚಾನೆಲ್ 4 ವಾಹಿನಿ 1999ರ ‘ಲೇಟ್ ನೈಟ್ ಪೋಕರ್’ನಲ್ಲಿ ಮೇಜಿನಡಿಯ ಕ್ಯಾಮೆರಾ ಬಳಸಿತು, ಆಮೇಲೆ ಅಮೆರಿಕ. 2021ರಲ್ಲಿ 98ನೆಯ ವಯಸ್ಸಿನಲ್ಲಿ ಒರೆನ್‌ಸ್ಟೀನ್ ತೀರಿಕೊಂಡಾಗ ಪೋಕರ್ ಹಾಲ್ ಆಫ್ ಫೇಮ್‌ನಲ್ಲಿ ಆತನ ಹೆಸರಿತ್ತು.

ಕಿಟಕಿ ತೆರೆದದ್ದೇ ವಿಜ್ಞಾನಿಗಳು ಇಣುಕಿದರು. ಎಲೆಯೂ ಕಾಣುತ್ತದೆ, ಆಟಗಾರನೂ ಕಾಣುತ್ತಾನೆ, ಇನ್ನೇನು ಬೇಕು! ಮೈಕೆಲ್ ಸ್ಲೆಪಿಯನ್ ಮತ್ತು ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರಾದ ಮನೋವಿಜ್ಞಾನಿ ನಳಿನಿ ಅಂಬಾಡಿ ಇದ್ದ ತಂಡ 2009ರ ವಿಶ್ವ ಸರಣಿಯ ದೃಶ್ಯಗಳಿಂದ, ಆಟಗಾರ ಬಿಲ್ಲೆ ಮುಂದೆ ನೂಕುವ ಕ್ಷಣಗಳನ್ನು ಮಾತ್ರ ಕತ್ತರಿಸಿಕೊಂಡಿತು. ಅಂಬಾಡಿ ಅವರು ಅದಕ್ಕೂ ಎಷ್ಟೋ ವರ್ಷ ಮೊದಲೇ, ಮೇಷ್ಟರೊಬ್ಬರ ಧ್ವನಿಯಿಲ್ಲದ ಕೆಲವೇ ಸೆಕೆಂಡುಗಳ ತುಣುಕು ನೋಡಿ ಅಪರಿಚಿತರು ಹಾಕುವ ಅಂಕ, ಆ ಮೇಷ್ಟರಿಗೆ ಇಡೀ ಸೆಮಿಸ್ಟರ್ ಪಾಠ ಕೇಳಿದ ವಿದ್ಯಾರ್ಥಿಗಳು ಹಾಕುವ ಅಂಕಕ್ಕೆ ಹೊಂದುತ್ತದೆ ಎಂದು ತೋರಿಸಿ ಬೆರಗುಗೊಳಿಸಿದ್ದರು. ಈಗ ಪೋಕರ್ ತುಣುಕುಗಳ ಸರದಿ. ಕೆಲವರಿಗೆ ಸೊಂಟದ ಮೇಲಿನ ಇಡೀ ದೇಹ, ಕೆಲವರಿಗೆ ಮುಖ ಮಾತ್ರ, ಕೆಲವರಿಗೆ ತೋಳು ಮಾತ್ರ. ಈ ಕೈ ಎಷ್ಟು ಬಲವಾಗಿದೆ, ಊಹಿಸಿ.

ಇಡೀ ದೇಹ ನೋಡಿದವರಿಗೆ ಏನೂ ತಿಳಿಯಲಿಲ್ಲ. ಮುಖ ಮಾತ್ರ ನೋಡಿದವರ ಊಹೆ ಕಣ್ಣುಮುಚ್ಚಿ ಹೇಳುವುದಕ್ಕಿಂತ ಕೆಟ್ಟದಾಗಿತ್ತು, ಅಂದರೆ ಆ ಮುಖಗಳು ಬರೀ ಮುಚ್ಚಿಡುತ್ತಿರಲಿಲ್ಲ, ದಾರಿ ತಪ್ಪಿಸುತ್ತಿದ್ದವು! ತೋಳು ಮಾತ್ರ ನೋಡಿದವರು? ಅವರು ಸರಿಯಾಗಿ ಊಹಿಸಿದರು! ಒಳ್ಳೆಯ ಎಲೆ ಇದ್ದವನ ಕೈ ಬಿಲ್ಲೆಗಳನ್ನು ನಯವಾಗಿ, ತಡೆಯಿಲ್ಲದೆ ನೂಕುತ್ತಿತ್ತು. ಇಡೀ ಲೋಕ ಮುಖವನ್ನು ಕಾಯುತ್ತ ಕೂತಿರುವಾಗ ಗುಟ್ಟು ಮೊಣಕೈಯಿಂದ ಸೋರುತ್ತಿತ್ತು. ಕಪ್ಪು ಕನ್ನಡಕ, ತಲೆಗೆ ಮುಸುಕು, ಕುತ್ತಿಗೆಗೆ ಸ್ಕಾರ್ಫು ಸುತ್ತಿ ಕೂರುವ ವೃತ್ತಿಪರರು ಇದನ್ನು ಓದಿ ಕೈಯನ್ನು ಏನು ಮಾಡಿಕೊಂಡರೋ!

ಎದುರಿನವನನ್ನು ಓದುವುದು ಇಷ್ಟು ಕಷ್ಟವೆಂದರೆ ನಮಗೆ ಒಪ್ಪಿಗೆಯಾಗುವುದಿಲ್ಲ. ಸುಳ್ಳು ನಿಜ ಬೇರ್ಪಡಿಸುವ ಬಗ್ಗೆ ನಡೆದ ನೂರಾರು ಪ್ರಯೋಗಗಳನ್ನು ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಸರಿಯುತ್ತರದ ಸರಾಸರಿ ಶೇ 54. ನಾಣ್ಯ ಚಿಮ್ಮಿದರೆ 50! ಇದರ ಇನ್ನೊಂದು ಮುಖ ಇನ್ನೂ ಸ್ವಾರಸ್ಯ. ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರಿಗೆ ಸಾಲಾಗಿ ಪಾನೀಯ ಕುಡಿಸಿದರು, ಅದರಲ್ಲೊಂದು ಬಾಯಿಗಿಡಲಾಗದಷ್ಟು ಕೆಟ್ಟದ್ದು. ಯಾವುದೆಂದು ಮುಖದಲ್ಲಿ ತೋರಗೊಡಬಾರದು. ಕುಡಿದವರು ‘ಅಯ್ಯೋ, ಸಿಕ್ಕಿಬಿದ್ದೆ’ ಅಂದುಕೊಂಡರು. ನೋಡುತ್ತಿದ್ದವರಿಗೆ ಅಷ್ಟೇನೂ ತಿಳಿದಿರಲಿಲ್ಲ. ನಮ್ಮ ಎದೆಬಡಿತ ನಮಗೆ ನಗಾರಿಯಂತೆ ಕೇಳುವುದರಿಂದ ಪಕ್ಕದವನಿಗೂ ಕೇಳುತ್ತಿದೆ ಎಂಬ ಭ್ರಮೆ. ಪೋಕರ್ ಮೇಜಿನ ಹೊಸಬ ಬ್ಲಫ್ ಮಾಡಲು ಹೆದರುವುದು ಬಹುಪಾಲು ಇದಕ್ಕೇ: ಎದುರಾಳಿ ಓದುವ ಮೊದಲೇ ತಾನು ಓದಿಸಿಕೊಂಡೆನೆಂದು ತೀರ್ಮಾನಿಸಿರುತ್ತಾನೆ.

ಹಾಗಾದರೆ ಗುಟ್ಟು ಬಿಟ್ಟುಕೊಡದಿರಲು ಅತಿ ಖಚಿತ ಉಪಾಯ? ಗುಟ್ಟನ್ನು ತಾನೇ ತಿಳಿಯದಿರುವುದು! ಇದು ತಮಾಷೆಯಲ್ಲ. ನಾರ್ವೆಯ ಅನೆಟ್ ಓಬ್ರೆಸ್ಟಾಡ್ ಎಂಬ ಹುಡುಗಿ 180 ಜನರ ಆನ್‌ಲೈನ್ ಪಂದ್ಯವೊಂದನ್ನು ಪರದೆಯ ಮೇಲಿನ ತನ್ನ ಎಲೆಗಳನ್ನು ಮುಚ್ಚಿಟ್ಟು ಆಡಿದಳು. ಇಡೀ ಪಂದ್ಯದಲ್ಲಿ ಒಂದೇ ಒಂದು ಸಲ ಇಣುಕಿದಳಂತೆ. ಗೆದ್ದಳು! ಎದುರಾಳಿಗಳು ಯಾವಾಗ ಹಿಂಜರಿಯುತ್ತಾರೆ, ಯಾರ ಸರದಿ ಯಾರ ನಂತರ, ಯಾರ ಬಳಿ ಎಷ್ಟು ಬಿಲ್ಲೆ ಉಳಿದಿದೆ, ಇವಿಷ್ಟರಿಂದಲೇ ಎಷ್ಟು ದೂರ ಹೋಗಬಹುದೆಂದು ನೋಡುವ ಹಟ. 2007ರಲ್ಲಿ, 19 ತುಂಬುವುದಕ್ಕೆ ಒಂದು ದಿನ ಮೊದಲು, ಲಂಡನ್ನಿನಲ್ಲಿ ಯೂರೋಪಿನ ವಿಶ್ವ ಸರಣಿ ಗೆದ್ದು 10 ಲಕ್ಷ ಪೌಂಡ್ ಜೇಬಿಗಿಳಿಸಿದಳು. ಆಗ ಎಲೆ ನೋಡಿಯೇ ಆಡಿದ್ದಳು ಬಿಡಿ.

ಇದನ್ನು ಓದುವಾಗ ಯುಗಾದಿಯ ಜಗಲಿಗಳು ನೆನಪಾಗದೆ ಇರುತ್ತವೆಯೇ? ಹಳೇ ಮೈಸೂರು ಸೀಮೆಯಲ್ಲಿ ಹಬ್ಬದ ಹೋಳಿಗೆ ಅರಗುವ ಮೊದಲೇ ಎಲೆ ಹಾಕಿ ಕೂರುವವರಿದ್ದಾರೆ. ಮೂರೆಲೆ ಆಟ ಆಡಿದವರಿಗೆ ‘ಬ್ಲೈಂಡ್’ ಹೊಸದಲ್ಲ. ಎಲೆ ನೋಡದೆ ಆಡುವವನು ಒಂದು ಹಾಕಿದರೆ ನೋಡಿ ಆಡುವವನು ಎರಡು ಹಾಕಬೇಕು. ಎಂಥ ಜಾಣ ನಿಯಮ! ನೋಡುವುದಕ್ಕೆ ಬೆಲೆ ಕಟ್ಟಿದ್ದಾರೆ, ಅದೂ ನೋಡಿದಷ್ಟು ಹೊತ್ತೂ ತೆರುತ್ತಲೇ ಇರುವಂತೆ. ಸೈಡ್ ಶೋ ಅಂತೂ ಇನ್ನೂ ನಯ: ಪಕ್ಕದವನನ್ನು ಕೇಳಿ ಇಬ್ಬರೇ ಎಲೆ ಹೋಲಿಸಿಕೊಳ್ಳುವುದು, ಸೋತವನು ಸದ್ದಿಲ್ಲದೆ ಎಸೆಯುವುದು, ಉಳಿದವರಿಗೆ ಏನೂ ಕಾಣದು. ಪೋಕರ್ ಮೇಜಿನಲ್ಲಿ ಇದಕ್ಕೆ ಆಸ್ಪದವೇ ಇಲ್ಲ. ಒಬ್ಬನಿಗೆ ತೋರಿಸಿದರೆ ಎಲ್ಲರಿಗೂ ತೋರಿಸಬೇಕು ಎಂಬುದು ಅಲ್ಲಿನ ಕಟ್ಟಳೆ. (ಹಣ ಕಟ್ಟಿ ಆನ್‌ಲೈನ್ ಆಡುವುದನ್ನು ಕೇಂದ್ರದ 2025ರ ಕಾನೂನು ನಿಷೇಧಿಸಿದೆ. ನನ್ನ ಈ ಉತ್ಸಾಹ ಮನಸ್ಸಿನ ಬಗ್ಗೆ, ಜೂಜಿನ ಬಗ್ಗೆಯಲ್ಲ.)

ಒಬ್ಬನಿಗೆ ತೋರಿಸಿದರೆ ಎಲ್ಲರಿಗೂ ಎಂಬ ಆ ಪೋಕರ್ ಕಟ್ಟಳೆ ಬೇಕಾದದ್ದೇ ಏಕೆಂದರೆ ಜನ ತೋರಿಸುತ್ತಾರೆ! ತೋರಿಸಬೇಕಿಲ್ಲದಾಗಲೂ ತೋರಿಸುತ್ತಾರೆ. ಬ್ಲಫ್ ಗೆದ್ದಾಗ ಎಲೆಗಳನ್ನು ಬೋರಲಾಗಿಯೇ ರಾಶಿಗೆ ನೂಕಿದರೆ ಆಯಿತು, ಗುಟ್ಟು ಹೂತುಹೋಗುತ್ತದೆ. ಆದರೆ ಎಷ್ಟೋ ಮಂದಿಗೆ ಬೆರಳು ತಡೆಯುವುದಿಲ್ಲ, ಅಂಗಾತ ಹಾಕಿ ಮೆರೆಯುತ್ತಾರೆ. ಅನುಭವಿಗಳು ಅದರಲ್ಲೂ ಲೆಕ್ಕ ಇಡುತ್ತಾರೆ: ಇವತ್ತು ಒಂದು ಬ್ಲಫ್ ತೋರಿಸಿದರೆ ನಾಳೆ ನಿಜವಾದ ಎಲೆಗೆ ಜನ ಸರಿಗಟ್ಟುತ್ತಾರೆ; ಒಳ್ಳೆಯ ಎಲೆ ತೋರಿಸಿದರೆ ಮುಂದಿನ ಬ್ಲಫ್‌ಗೆ ಹೆದರುತ್ತಾರೆ. ಲೆಕ್ಕವಿಲ್ಲದವರು ತೋರಿಸುವುದು ಬರೀ ಒಳಗೆ ಹಿಡಿದಿಟ್ಟುಕೊಳ್ಳಲಾಗದೆ ಎಂದೇ ನನ್ನ ಗುಮಾನಿ. ತೋಳಿನ ಗುಟ್ಟು ಹಿಡಿದ ಅದೇ ಸ್ಲೆಪಿಯನ್ ಮುಂದೆ ಗುಟ್ಟುಗಳನ್ನೇ ತನ್ನ ಬದುಕಿನ ವಿಷಯ ಮಾಡಿಕೊಂಡದ್ದು ಎಂಥ ಕಾಕತಾಳೀಯ! 2017ರ ಅವನ ಅಧ್ಯಯನದ ಪ್ರಕಾರ ಮನುಷ್ಯನೊಬ್ಬ ಸರಾಸರಿ 13 ಗುಟ್ಟುಗಳನ್ನು ಇಟ್ಟುಕೊಂಡಿರುತ್ತಾನೆ, ಅದರಲ್ಲಿ 5 ಯಾರಿಗೂ ಎಂದೂ ಹೇಳದವು. ಜೀವ ಹಿಂಡುವುದು ಎದುರಿನವರಿಂದ ಮುಚ್ಚಿಡುವ ಕೆಲಸಕ್ಕಿಂತ, ಯಾರೂ ಎದುರಿಗಿಲ್ಲದಾಗ ಮನಸ್ಸು ಮತ್ತೆ ಮತ್ತೆ ಅಲ್ಲಿಗೇ ಹೋಗಿ ಕೂರುವುದು. ಒಂದು ಸಲ ಎಲೆ ಮಗುಚಿಬಿಟ್ಟರೆ ಆ ಅಲೆದಾಟ ತಗ್ಗುತ್ತದೆ.

ಮೇಜಿನಿಂದಾಚೆ ಮುಚ್ಚಿಡುವುದು ಬಹಳ ದುಬಾರಿ. ಅರ್ಥಶಾಸ್ತ್ರಜ್ಞರಾದ ಸ್ಯಾನ್‌ಫರ್ಡ್ ಗ್ರಾಸ್‌ಮನ್ ಮತ್ತು ಪಾಲ್ ಮಿಲ್‌ಗ್ರಮ್ 1981ರಲ್ಲಿ ಬೇರೆ ಬೇರೆಯಾಗಿ ಇದನ್ನು ಬಿಡಿಸಿ ಹೇಳಿದರು. ನಿಜವನ್ನು ಪುಕ್ಕಟೆಯಾಗಿ, ಪುರಾವೆಯೊಡನೆ ತೋರಿಸಬಹುದಾದ ಕಡೆ ಅತ್ಯುತ್ತಮ ಸರಕಿನವನು ತೋರಿಸಿಯೇ ಬಿಡುತ್ತಾನೆ. ಆಮೇಲೆ ಸುಮ್ಮನಿರುವವರಲ್ಲಿ ಮೇಲಿನವನಿಗೂ ತೋರಿಸದೆ ವಿಧಿಯಿಲ್ಲ. ಹೀಗೇ ಎಳೆ ಎಳೆಯಾಗಿ ಬಿಚ್ಚಿಕೊಂಡು ಕೊನೆಗೆ ಬಾಯಿ ಮುಚ್ಚಿದವನು ಅತಿ ಕೆಟ್ಟವನೆಂದೇ ಲೆಕ್ಕ. ಹಾರ್ವರ್ಡಿನ ಲೆಸ್ಲಿ ಜಾನ್ ಮತ್ತು ಸಂಗಡಿಗರು 2016ರಲ್ಲಿ ಇದನ್ನು ಮನುಷ್ಯರ ಮೇಲೆ ಪರೀಕ್ಷಿಸಿದಾಗ, ಕೆಟ್ಟ ಚಟವನ್ನು ಒಪ್ಪಿಕೊಂಡವರಿಗಿಂತ ‘ಉತ್ತರಿಸಲು ಇಷ್ಟವಿಲ್ಲ’ ಎಂದವರನ್ನೇ ಜನ ಹೆಚ್ಚು ಅನುಮಾನಿಸಿದರು! ಪೋಕರ್‌ನಲ್ಲಿ ಮಾತ್ರ ಬೋರಲೆಲೆಗೆ ಯಾವ ಕಳಂಕವೂ ಅಂಟುವುದಿಲ್ಲ, ಏಕೆಂದರೆ ಅಲ್ಲಿ ರಾಜನನ್ನು ಹಿಡಿದವನೂ ಗುಲಾಮನನ್ನು ಹಿಡಿದವನೂ ಒಂದೇ ತೆರನಾಗಿ ಮುಚ್ಚಿಡುತ್ತಾರೆ.

ಈಗ ಯಂತ್ರಗಳು ಬಂದು ಕೂತಿವೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟುಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ಕಟ್ಟಿದ ಲಿಬ್ರಾಟಸ್ 2017ರ ಜನವರಿಯಲ್ಲಿ ಪಿಟ್ಸ್‌ಬರ್ಗಿನ ಕ್ಯಾಸಿನೋದಲ್ಲಿ ನಾಲ್ವರು ವೃತ್ತಿಪರರ ಎದುರು 20 ದಿನ, 1,20,000 ಆಟ ಆಡಿ 17 ಲಕ್ಷ ಡಾಲರಿಗೂ ಹೆಚ್ಚು ಮೌಲ್ಯದ ಬಿಲ್ಲೆ ಗೆದ್ದಿತು. ಎರಡು ವರ್ಷದ ನಂತರ ಅವರದೇ ಪ್ಲುರಿಬಸ್ ಆರು ಜನರ ಮೇಜಿನಲ್ಲೂ ಗೆದ್ದಿತು. ಅದು ಆಟ ಕಲಿತದ್ದು ಎಂಟು ದಿನದಲ್ಲಿ, ಕಂಪ್ಯೂಟರ್ ಬಾಡಿಗೆಯ ಲೆಕ್ಕದಲ್ಲಿ 150 ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ! ಅದಕ್ಕೆ ಮುಖವಿಲ್ಲ, ತೋಳಿಲ್ಲ, ಎದೆಬಡಿತವಿಲ್ಲ, ಎದುರಾಳಿಯ ಮುಖವೂ ಅದಕ್ಕೆ ಕಾಣದು. ಆದರೂ ಬ್ಲಫ್ ಮಾಡುತ್ತದೆ, ಅದೂ ಕಡುಧೈರ್ಯದಿಂದ! ಯಾರೂ ಅದಕ್ಕೆ ಸುಳ್ಳು ಹೇಳು ಎಂದು ಕಲಿಸಿರಲಿಲ್ಲ. ತನ್ನ ನಕಲುಗಳ ಜೊತೆ ತಾನೇ ಆಡುತ್ತಾ ಆಡುತ್ತಾ ಕಂಡುಕೊಂಡ ವಿದ್ಯೆ ಅದು.

ಅದರ ಒಳಗುಟ್ಟು ತಿಳಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಹೂಡುವ ಮೊದಲು ಅದು ತನ್ನ ಕೈಲಿರುವ ಎರಡು ಎಲೆಗಳ ಬಗ್ಗೆ ಮಾತ್ರ ಯೋಚಿಸುವುದಿಲ್ಲ. ಐವತ್ತೆರಡು ಎಲೆಗಳಿಂದ 1,326 ಬಗೆಯ ಜೋಡಿ ಸಾಧ್ಯ. ಅವುಗಳಲ್ಲಿ ತನ್ನ ಕೈಗೆ ಬಂದಿರಬಹುದಾಗಿದ್ದ ಒಂದೊಂದು ಜೋಡಿಯಿದ್ದರೂ ಈ ಕ್ಷಣದಲ್ಲಿ ಏನು ಮಾಡುತ್ತಿದ್ದೆ ಎಂದು ಮೊದಲು ಲೆಕ್ಕ ಹಾಕುತ್ತದೆ, ಅವೆಲ್ಲವನ್ನೂ ತಕ್ಕಡಿಯಲ್ಲಿ ತೂಗಿ, ಎದುರಾಳಿಗೆ ಯಾವ ಸುಳಿವೂ ಸಿಗದಂತೆ ಸಮ ಮಾಡುತ್ತದೆ, ಆಮೇಲಷ್ಟೇ ತನ್ನ ನಿಜವಾದ ಎಲೆಗೆ ತಕ್ಕ ನಡೆ. ಹಾಗಾಗಿ ಪ್ಲುರಿಬಸ್ ಎದುರು ಕೂತವನಿಗೆ ಓದಲು ಸಿಗುವುದು ಅದರ ಕೈಲಿಲ್ಲದ ಸಾವಿರಕ್ಕೂ ಮಿಕ್ಕ ಜೋಡಿ ಎಲೆಗಳ ಜಾತ್ರೆ. ಇರುವ ಎರಡು ಆ ಜನಜಂಗುಳಿಯಲ್ಲಿ ಎಲ್ಲೋ ಕಳೆದುಹೋಗಿರುತ್ತವೆ.

2019ರಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿದಾಗ ಬ್ರೌನ್ ಮತ್ತು ಸ್ಯಾಂಡ್‌ಹೋಮ್ ಯಂತ್ರ ಆಡಿದ ಆಟಗಳ ದಾಖಲೆಯನ್ನೂ ಅದು ಯೋಚಿಸುವ ಕ್ರಮದ ನಕ್ಷೆಯನ್ನೂ ಲೋಕದೆದುರು ಹರವಿದರು. ಮೂಲ ಪ್ರೋಗ್ರಾಮನ್ನು ಮಾತ್ರ ಬಿಡುಗಡೆ ಮಾಡಲಿಲ್ಲ. ಆನ್‌ಲೈನ್ ಪೋಕರ್ ಕೆಟ್ಟುಹೋದೀತು ಎಂದು ಅದನ್ನು ಬೋರಲಾಗಿಯೇ ಇಟ್ಟುಕೊಂಡಿದ್ದಾರೆ.